ಅಂಗಡಿಯ ಬಾಗಿಲಲ್ಲಿ ಮಾಸ್ಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕೊರೊನಾ ಕಾಲದ ನಿಯಮಗಳಲ್ಲಿ ಯಾವುದು ಇಂದಿಗೂ ನಿಮ್ಮ ಮನಸ್ಸಿನಲ್ಲಿ ಬಗೆಹರಿಯದೆ ಉಳಿದಿದೆ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆ. ಲಾಕ್‌ಡೌನಿನ ಬಗೆಗೋ ಲಸಿಕೆಯ ಬಗೆಗೋ ಹೆಚ್ಚು ಪತ್ರಗಳು ಬರಬಹುದೆಂಬುದು ನನ್ನ ಎಣಿಕೆಯಾಗಿತ್ತು. ಆದರೆ ಅಂಗಡಿಗೆ ಕಾಲಿಡಲು ಮಾಸ್ಕ್ ಕಡ್ಡಾಯವೆಂದದ್ದು ಸರಿಯೇ, ಅದನ್ನು ಜಾರಿಗೆ ತಂದ ರೀತಿ ನ್ಯಾಯವೇ ಎಂಬ ಪ್ರಶ್ನೆಯೇ ಬೇರೆಬೇರೆ ಊರುಗಳಿಂದ ಬೇರೆಬೇರೆ ಮಾತಿನಲ್ಲಿ ಬಂದಿದೆ. ಸರ್ಕಾರಿ ಆರೋಗ್ಯ ಸೇವೆಯಲ್ಲಿದ್ದು ಆ ನಿಯಮವನ್ನು ಜನರಿಗೆ ತಿಳಿಸಿ ಹೇಳುವ ಕೆಲಸವನ್ನು ಸ್ವತಃ ಮಾಡಿದವನಾದ್ದರಿಂದ ಈ ತಿಂಗಳ ಅಂಕಣವನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

*ಪ್ರಶ್ನೆ: ನಮ್ಮದು ಹತ್ತಡಿ ಅಗಲದ ಕಿರಾಣಿ ಅಂಗಡಿ. 2020ರಲ್ಲಿ ‘ಮಾಸ್ಕ್ ಇಲ್ಲದವರಿಗೆ ಸಾಮಾನು ಕೊಡುವುದಿಲ್ಲ’ ಎಂದು ಬೋರ್ಡು ಹಾಕಿದ್ದೆ. ಇಪ್ಪತ್ತು ವರ್ಷದಿಂದ ಉದ್ರಿ ಖಾತೆ ಇಟ್ಟುಕೊಂಡಿರುವ ಹಿರಿಯರು ಬರೀ ಮುಖದಲ್ಲಿ ಬಂದು ನಿಂತಾಗ ಹೊರಗೆ ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸಾಮಾನು ಕೊಟ್ಟೆನೆಂದು ತಪಾಸಣೆಗೆ ಬಂದವರು ನನಗೇ ದಂಡ ಹಾಕಿದರು. ಕೊಡದಿದ್ದ ದಿನ ಗಿರಾಕಿ ಪಕ್ಕದ ಅಂಗಡಿಗೆ ಹೋದರು. ಪೊಲೀಸರು ಮಾಡಬೇಕಾದ ಕೆಲಸವನ್ನು ನಮ್ಮ ಕೊರಳಿಗೆ ಕಟ್ಟಿದ್ದು ನ್ಯಾಯವೇ? — ರಾಣೆಬೆನ್ನೂರಿನ ವ್ಯಾಪಾರಿ*

ಉತ್ತರ: ನ್ಯಾಯವಲ್ಲ. ನಿಯಮ ಸರಿಯಾಗಿತ್ತು ಎಂದು ನಂಬುವವನಾಗಿಯೇ ನಾನು ಈ ಮಾತನ್ನು ಹೇಳುತ್ತಿದ್ದೇನೆ.

2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಸಚಿವಾಲಯವು ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿಯೂ ಕೆಲಸದ ಸ್ಥಳಗಳಲ್ಲಿಯೂ ಮುಖ ಮುಚ್ಚಿಕೊಳ್ಳುವುದನ್ನು ಕಡ್ಡಾಯಗೊಳಿಸಿತು. ಮರುತಿಂಗಳ ಮಾರ್ಗಸೂಚಿಯು ಅಂಗಡಿಯಲ್ಲಿ ಒಮ್ಮೆಗೆ ಐವರಿಗಿಂತ ಹೆಚ್ಚು ಗಿರಾಕಿಗಳಿರಬಾರದು, ಅವರ ನಡುವೆ ಆರಡಿ ಅಂತರವಿರಬೇಕು ಎಂದಿತು. ಕಾಗದದ ಮೇಲೆ ಇದರಲ್ಲಿ ದೋಷವಿಲ್ಲ. ಆದರೆ ಆ ಆರಡಿಯನ್ನು ಅಳೆಯಬೇಕಾದವರು ಯಾರು, ಮಾಸ್ಕ್ ಇಲ್ಲದವರನ್ನು ತಡೆಯಬೇಕಾದವರು ಯಾರು, ತಡೆದಾಗ ಜಗಳಕ್ಕೆ ನಿಂತರೆ ನೆರವಿಗೆ ಬರಬೇಕಾದವರು ಯಾರು ಎಂಬ ಪ್ರಶ್ನೆಗಳು ಬಂದಾಗ ಎಲ್ಲರ ಬೆರಳೂ ಗಲ್ಲಾದ ಹಿಂದೆ ಕುಳಿತವರತ್ತ ತಿರುಗಿತು. ದೊಡ್ಡ ಮಳಿಗೆಯ ಬಾಗಿಲಲ್ಲಿ ಸೆಕ್ಯುರಿಟಿ ಇರುತ್ತಾರೆ. ನಿಮ್ಮ ಅಂಗಡಿಯಲ್ಲಿ ತೂಕ ಹಾಕುವವರು, ಲೆಕ್ಕ ಬರೆಯುವವರು, ಬಾಗಿಲು ಕಾಯುವವರು ಎಲ್ಲವೂ ನೀವೇ. ಅದೂ ಅಲ್ಲದೆ, ಅಪರಿಚಿತನಿಗೆ ಹೇಳುವ ಮಾತನ್ನು ಉದ್ರಿ ಖಾತೆಯ ಹಿರಿಯರಿಗೆ ಹೇಳಲಾಗುವುದಿಲ್ಲ ಎಂಬುದು ನಮ್ಮ ಊರುಗಳ ವ್ಯಾಪಾರವನ್ನು ಕಂಡ ಯಾರಿಗಾದರೂ ಗೊತ್ತಿರುವ ಸಂಗತಿ. ಇದು ನಿಮ್ಮ ದೌರ್ಬಲ್ಯವಲ್ಲ. ನಿಯಮ ಬರೆದವರು ಆ ಸಂಬಂಧವನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಈ ಹೊರೆ ಬರೀ ಮುಜುಗರದಲ್ಲಿ ಮುಗಿಯದ ದೇಶಗಳೂ ಇವೆ. 2020ರ ಮೇ 1ರಂದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ, ಮಾಸ್ಕ್ ಇಲ್ಲದೆ ಬಂದ ಗಿರಾಕಿಯನ್ನು ಒಳಗೆ ಬಿಡದ ಅಂಗಡಿಯೊಂದರ ಕಾವಲುಗಾರನನ್ನು ಗುಂಡಿಟ್ಟು ಕೊಂದರು. 2021ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಈಡಾರ್-ಓಬರ್‌ಸ್ಟೈನ್ ಊರಿನ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ, ಮಾಸ್ಕ್ ಹಾಕಿಕೊಳ್ಳಿ ಎಂದಷ್ಟೇ ಹೇಳಿದ ಇಪ್ಪತ್ತು ವರ್ಷದ ವಿದ್ಯಾರ್ಥಿಯೂ ಹಾಗೆಯೇ ಪ್ರಾಣ ಕಳೆದುಕೊಂಡ. ಓದು ಸಾಗಿಸಲು ಗಲ್ಲಾದಲ್ಲಿ ಕುಳಿತ ಹುಡುಗನವನು. ನಿಯಮ ಜಾರಿಯ ಅಧಿಕಾರವಾಗಲಿ ರಕ್ಷಣೆಯಾಗಲಿ ಇಲ್ಲದವರ ಕೈಗೆ ಜಾರಿಯ ಹೊಣೆಯನ್ನು ಕೊಟ್ಟರೆ ಏನಾಗಬಹುದೆಂಬುದನ್ನು ನಾನು ಈ ಎರಡು ಸಾವುಗಳನ್ನು ಬಿಟ್ಟು ಯೋಚಿಸಲಾರೆ.

ಹಾಗಿದ್ದರೂ ನಿಯಮ ಸರಿಯಾಗಿತ್ತೆಂದು ಏಕೆ ಹೇಳುತ್ತೇನೆ? ನಿಮ್ಮ ಸಲುವಾಗಿಯೇ. ಗಿರಾಕಿ ಅಂಗಡಿಯಲ್ಲಿರುವುದು ಐದೋ ಹತ್ತೋ ನಿಮಿಷ. ನೀವಿರುವುದು ಬೆಳಿಗ್ಗೆ ಷಟರ್ ಎತ್ತಿದಾಗಿನಿಂದ ರಾತ್ರಿ ಎಳೆಯುವವರೆಗೆ. ನೂರು ಗಿರಾಕಿಗಳಲ್ಲಿ ಸೋಂಕಿರುವವರು ಒಬ್ಬರೇ ಇದ್ದರೂ ಅವರು ಮಾತನಾಡಿದ ಗಾಳಿಯಲ್ಲಿ ಉಳಿದವರೆಲ್ಲ ಹೊರಟ ಮೇಲೂ ಉಸಿರಾಡುತ್ತಾ ಕುಳಿತಿರುವವರು ನೀವು. ಸಿನಿಮಾ ಮಂದಿರಕ್ಕೆ ಹೋಗದಿರಬಹುದು, ಮದುವೆಗೆ ಹೋಗದಿರಬಹುದು, ಆದರೆ ಅಕ್ಕಿ ಬೇಳೆಗೂ ಔಷಧಿಗೂ ಅಂಗಡಿಗೆ ಹೋಗಲೇಬೇಕು. ಯಾರೂ ತಪ್ಪಿಸಿಕೊಳ್ಳಲಾಗದ ಸ್ಥಳವಾದ್ದರಿಂದಲೇ ಅಲ್ಲಿ ಎಲ್ಲರಿಗೂ ಒಂದೇ ನಿಯಮವಿರುವುದು ಅಗತ್ಯವಾಗಿತ್ತು. ‘ನನ್ನ ಆರೋಗ್ಯ ನನ್ನಿಷ್ಟ’ ಎಂಬ ವಾದವನ್ನು ಕೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದವರು ನಿಮ್ಮಂಥವರು. ನಿಯಮದ ಫಲ ನಿಮಗೆ ಸಿಗಬೇಕಿತ್ತು, ದಂಡದ ಚೀಟಿಯಲ್ಲ.

*ಪ್ರಶ್ನೆ: ಡೆನ್ಮಾರ್ಕಿನ ಅಧ್ಯಯನವೂ ಆಮೇಲೆ ಬಂದ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ ವರದಿಯೂ ಮಾಸ್ಕ್‌ನಿಂದ ಪ್ರಯೋಜನವಿಲ್ಲವೆಂದು ಹೇಳಿವೆ. ಆಧಾರವೇ ಇಲ್ಲದ ನಿಯಮವನ್ನು ಕೋಟ್ಯಂತರ ಜನರ ಮೇಲೆ ಹೇರಿದ್ದನ್ನು ವೈದ್ಯರಾಗಿ ನೀವು ಹೇಗೆ ಸಮರ್ಥಿಸುತ್ತೀರಿ? ಮೊದಲು ಮಾಸ್ಕ್ ಬೇಡವೆಂದವರೂ ನೀವೇ ಅಲ್ಲವೇ? — ಬೆಂಗಳೂರಿನ ಎಂಜಿನಿಯರ್*

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ. 2020ರ ಮಾರ್ಚ್‌ನಲ್ಲಿ, ಜ್ವರ ಕೆಮ್ಮು ಇಲ್ಲದವರಿಗೆ ಮಾಸ್ಕ್ ಅಗತ್ಯವಿಲ್ಲ, ಕೈ ತೊಳೆದುಕೊಳ್ಳಿ ಸಾಕು ಎಂದು ನಾನೂ ಸಭೆಗಳಲ್ಲಿ ಹೇಳಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯೂ ಆಗ ಅದನ್ನೇ ಹೇಳುತ್ತಿತ್ತು. ಆರೋಗ್ಯ ಸಿಬ್ಬಂದಿಗೇ ಮಾಸ್ಕ್ ಸಾಲದಿದ್ದ ದಿನಗಳವು. ಇರುವುದನ್ನು ಅವರಿಗಾಗಿ ಉಳಿಸಿ ಎಂದು ನೇರವಾಗಿ ಹೇಳಿದ್ದರೆ ಜನ ಅರ್ಥಮಾಡಿಕೊಳ್ಳುತ್ತಿದ್ದರು. ನಾವು ಹಾಗೆ ಹೇಳದೆ ಅದರಿಂದ ಉಪಯೋಗವಿಲ್ಲ ಎಂಬ ಧ್ವನಿ ಬರುವಂತೆ ಮಾತನಾಡಿದೆವು. ಏಪ್ರಿಲ್ ಮೊದಲ ವಾರದಲ್ಲಿ ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಧರಿಸಿ ಎಂದು ಕೇಂದ್ರ ಸರ್ಕಾರ ಸಲಹೆ ನೀಡಿತು. ವಿಶ್ವ ಆರೋಗ್ಯ ಸಂಸ್ಥೆ ಜೂನ್ 5ರಂದು ತನ್ನ ನಿಲುವನ್ನು ಬದಲಿಸಿತು. ಮೂರು ತಿಂಗಳಲ್ಲಿ ಎರಡು ಮಾತು ಕೇಳಿದ ಜನರಿಗೆ ಮೂರನೆಯದರ ಮೇಲೆ ಸಂಶಯ ಬಂದದ್ದು ಸಹಜ, ಮತ್ತು ಆ ಸಂಶಯದ ಬೀಜ ಬಿತ್ತಿದ್ದರಲ್ಲಿ ನಮ್ಮ ಕೈಯೂ ಇತ್ತು.

ಇನ್ನು ಅಧ್ಯಯನಗಳ ವಿಷಯ. ಡೆನ್ಮಾರ್ಕಿನ ಅಧ್ಯಯನ ನಡೆದದ್ದು 2020ರ ಏಪ್ರಿಲ್-ಮೇ ತಿಂಗಳುಗಳಲ್ಲಿ, ಸುಮಾರು 6,000 ಜನರ ಮೇಲೆ. ಮಾಸ್ಕ್ ಧರಿಸಲು ಸಲಹೆ ಪಡೆದವರಲ್ಲಿ ಶೇ 1.8ರಷ್ಟು ಮಂದಿಗೆ, ಪಡೆಯದವರಲ್ಲಿ ಶೇ 2.1ರಷ್ಟು ಮಂದಿಗೆ ಸೋಂಕು ಕಂಡುಬಂತು. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು, ಒಪ್ಪುತ್ತೇನೆ. ಆದರೆ ಆ ಅಧ್ಯಯನ ಕೇಳಿದ ಪ್ರಶ್ನೆ ಯಾವುದು? ಸುತ್ತಲಿನ ಯಾರೂ ಮಾಸ್ಕ್ ಧರಿಸದ ಊರಿನಲ್ಲಿ ಒಬ್ಬರು ಮಾತ್ರ ಧರಿಸಿದರೆ ಅವರಿಗೆ ಎಷ್ಟು ರಕ್ಷಣೆ ಸಿಗುತ್ತದೆ ಎಂಬುದು. ಸೋಂಕಿರುವವರ ಬಾಯಿ ಮೂಗನ್ನು ಮುಚ್ಚಿದರೆ ಎದುರಿನವರಿಗೆ ಏನಾಗುತ್ತದೆ ಎಂಬುದನ್ನು ಅದು ಪರೀಕ್ಷಿಸಲೇ ಇಲ್ಲ. ಅಂಗಡಿಯ ನಿಯಮ ನಿಂತಿರುವುದೇ ಆ ಎರಡನೆಯ ಪ್ರಶ್ನೆಯ ಮೇಲೆ.

2023ರ ಜನವರಿಯ ಕೊಕ್ರೇನ್ ವಿಮರ್ಶೆ ಒಟ್ಟುಗೂಡಿಸಿದ ಪ್ರಯೋಗಗಳಲ್ಲಿ ಹೆಚ್ಚಿನವು ಕೋವಿಡ್‌ಗಿಂತ ಮೊದಲಿನವು, ಸಾಮಾನ್ಯ ಫ್ಲೂ ಹರಡುವ ಕಾಲದಲ್ಲಿ ನಡೆದವು. ಅನೇಕ ಪ್ರಯೋಗಗಳಲ್ಲಿ ಮಾಸ್ಕ್ ಪಡೆದವರೇ ಸರಿಯಾಗಿ ಧರಿಸಿರಲಿಲ್ಲ. ಮಾಸ್ಕ್ ಕೆಲಸ ಮಾಡುವುದಿಲ್ಲವೆಂದು ಇದು ಸಾಬೀತುಪಡಿಸುತ್ತದೆ ಎಂಬ ವ್ಯಾಖ್ಯಾನ ತಪ್ಪು, ಫಲಿತಾಂಶ ಅನಿರ್ಣೀತವಾಗಿದೆ ಎಂದು ಆ ಸಂಸ್ಥೆಯ ಪ್ರಧಾನ ಸಂಪಾದಕರೇ ಅದೇ ಮಾರ್ಚ್‌ನಲ್ಲಿ ಸ್ಪಷ್ಟನೆ ನೀಡಬೇಕಾಯಿತು.

ನಮ್ಮ ಬದುಕಿಗೆ ಹತ್ತಿರವಾದದ್ದು ಬಾಂಗ್ಲಾದೇಶದ ಪ್ರಯೋಗ. 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ 3.4 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡು ನಡೆದ ಈ ಪ್ರಯೋಗದಲ್ಲಿ ಅರ್ಧದಷ್ಟು ಹಳ್ಳಿಗಳಿಗೆ ಮಾಸ್ಕ್‌ಗಳನ್ನು ಉಚಿತವಾಗಿ ಮನೆಮನೆಗೆ ಕೊಟ್ಟರು, ಮಸೀದಿಯಲ್ಲಿಯೂ ಸಂತೆಯಲ್ಲಿಯೂ ನಿಂತು ನೆನಪಿಸಿದರು, ಊರ ಹಿರಿಯರಿಂದ ಹೇಳಿಸಿದರು. ಸರಿಯಾಗಿ ಮಾಸ್ಕ್ ಧರಿಸುವವರ ಪ್ರಮಾಣ ಶೇ 13ರಿಂದ ಶೇ 42ಕ್ಕೆ ಏರಿತು. ರೋಗಲಕ್ಷಣಗಳಿದ್ದು ರಕ್ತಪರೀಕ್ಷೆಯಲ್ಲಿ ದೃಢಪಟ್ಟ ಸೋಂಕು ಸುಮಾರು ಶೇ 9ರಷ್ಟು ತಗ್ಗಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಶೇ 11ರಷ್ಟು, ಅಲ್ಲಿನ 60 ದಾಟಿದವರಲ್ಲಿ ಶೇ 35ರಷ್ಟು ತಗ್ಗಿತು. ಬಟ್ಟೆಯ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಹತ್ತರಲ್ಲಿ ಆರು ಮಂದಿ ಧರಿಸದೇ ಇದ್ದಾಗಲೂ ಇಷ್ಟು ಫಲ ಸಿಕ್ಕಿತೆಂಬುದನ್ನು ಎಂಜಿನಿಯರ್ ಆಗಿರುವ ನೀವು ಗಮನಿಸದೆ ಇರಲಾರಿರಿ.

ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಈ ಪ್ರಯೋಗ ಅಳೆದದ್ದು ಹಂಚುವುದರ, ನೆನಪಿಸುವುದರ ಫಲವನ್ನು. ಕಾನೂನು ಮಾಡಿ ದಂಡ ವಿಧಿಸುವುದರ ಫಲವನ್ನಲ್ಲ. ಜರ್ಮನಿಯ ಯೇನಾ ನಗರವು 2020ರ ಏಪ್ರಿಲ್ 6ರಂದು, ಆ ದೇಶದ ಉಳಿದ ಕಡೆಗಿಂತ ಮೂರು ವಾರದಷ್ಟು ಮುಂಚೆ, ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಿತು. ಅದನ್ನು ಇತರ ನಗರಗಳೊಂದಿಗೆ ಹೋಲಿಸಿದ ಅರ್ಥಶಾಸ್ತ್ರಜ್ಞರು ಹೊಸ ಸೋಂಕು ಗಣನೀಯವಾಗಿ ತಗ್ಗಿತೆಂದು ಕಂಡುಕೊಂಡರು. ಆದರೆ ಒಂದು ಊರಿನ ಜನ ಅದೇ ಹೊತ್ತಿಗೆ ಬೇರೆ ವಿಷಯಗಳಲ್ಲಿಯೂ ಜಾಗರೂಕರಾಗಿರಬಹುದಾದ್ದರಿಂದ ಅದು ಪ್ರಯೋಗದಷ್ಟು ಗಟ್ಟಿಯಾದ ಆಧಾರವಲ್ಲ. ನನ್ನ ತೀರ್ಮಾನ ಇಷ್ಟು: ಕಿಕ್ಕಿರಿದ ಮುಚ್ಚಿದ ಜಾಗದಲ್ಲಿ ಮಾಸ್ಕ್‌ನಿಂದ ಸಾಧಾರಣ ಪ್ರಮಾಣದ, ಆದರೆ ನಿಜವಾದ ಪ್ರಯೋಜನವಿದೆ. ಲಸಿಕೆಯೂ ಔಷಧಿಯೂ ಇಲ್ಲದಿದ್ದ 2020ರಲ್ಲಿ ಆ ಸಾಧಾರಣ ಪ್ರಯೋಜನವನ್ನು ಬಿಟ್ಟುಕೊಡುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಮುಚ್ಚಿದ ಜಾಗ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೇವರ ಕೋಣೆಯಲ್ಲಿ ಊದುಬತ್ತಿ ಹಚ್ಚಿ ಬಾಗಿಲು ಮುಚ್ಚಿದರೆ ಹೊಗೆ ಗಂಟೆಗಟ್ಟಲೆ ಅಲ್ಲಿಯೇ ಸುಳಿದಾಡುತ್ತದೆ, ಅಂಗಳದಲ್ಲಿ ಹಚ್ಚಿದರೆ ಕ್ಷಣದಲ್ಲಿ ಚದುರುತ್ತದೆ. ಮಾತನಾಡುವಾಗ ಬಾಯಿಂದ ಹೊರಡುವ ಅತಿ ಸೂಕ್ಷ್ಮ ಹನಿಗಳೂ ಹಾಗೆಯೇ. ಇದನ್ನು ಒಪ್ಪಿಕೊಳ್ಳಿ ಎಂದು 2020ರ ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದರೂ ಆರೋಗ್ಯ ಸಂಸ್ಥೆಗಳು ಬಹುಕಾಲ ಕೆಮ್ಮಿದಾಗ ಬೀಳುವ ದಪ್ಪ ಹನಿಗಳ ಲೆಕ್ಕದಲ್ಲೇ ಉಳಿದವು. ಅದರ ಪರಿಣಾಮವಾಗಿ ನಾವು ಗಿರಾಕಿಗಳಿಗೆ ಸ್ಯಾನಿಟೈಸರ್ ಸುರಿದೆವು, ನೆಲದ ಮೇಲೆ ಬಳಪದಿಂದ ವೃತ್ತ ಬರೆದೆವು. ಹಿಂದಿನ ಕಿಟಕಿ ತೆರೆದಿಡಿ, ಎ.ಸಿ. ನಿಲ್ಲಿಸಿ ಗಾಳಿ ಆಡಲು ಬಿಡಿ ಎಂದು ಯಾವ ಅಂಗಡಿಗೂ ಒತ್ತಿ ಹೇಳಲಿಲ್ಲ.

*ಪ್ರಶ್ನೆ: ನಾನು 2020ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಸೂಪರ್‌ಮಾರ್ಕೆಟ್ ಒಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದೆ. ಮಾರ್ಚ್‌ನಿಂದ ನಾವು ಕೆಲಸಕ್ಕೆ ಬರುತ್ತಿದ್ದರೂ ಮಾಸ್ಕ್ ನಿಯಮ ಬಂದದ್ದು ಜುಲೈ ಕೊನೆಯಲ್ಲಿ. ಬಂದ ಮೇಲೂ ವಾದ ಮಾಡುವವರು ಮಾಡುತ್ತಲೇ ಇದ್ದರು. ಭಾರತದಲ್ಲಿ ಏಪ್ರಿಲ್‌ನಲ್ಲೇ ಆದದ್ದು ಇಲ್ಲಿ ಏಕೆ ಅಷ್ಟು ತಡವಾಯಿತು? — ಲೆಸ್ಟರ್‌ನಲ್ಲಿ ನೆಲೆಸಿರುವ ಹಾಸನದ ಓದುಗರು*

ಉತ್ತರ: ಇಂಗ್ಲೆಂಡಿನಲ್ಲಿ ಜೂನ್ 15ರಿಂದ ಬಸ್ಸು ರೈಲುಗಳಲ್ಲಿ, ಜುಲೈ 24ರಿಂದ ಅಂಗಡಿಗಳಲ್ಲಿ ನಿಯಮ ಜಾರಿಗೆ ಬಂತು, ಸ್ಕಾಟ್ಲೆಂಡ್ ಜುಲೈ 10ರಂದೇ ಅಂಗಡಿಗಳಿಗೆ ಅನ್ವಯಿಸಿತ್ತು. ತಡವಾದುದಕ್ಕೆ ನನಗೆ ಕಾಣುವ ಮುಖ್ಯ ಕಾರಣವೆಂದರೆ ಅಲ್ಲಿನ ಸಲಹೆಗಾರರು ಆಧಾರ ದುರ್ಬಲವಾಗಿದೆಯೆಂದು ಹಿಂಜರಿದದ್ದು, ಮತ್ತು ಮುಖ ಮುಚ್ಚಿಕೊಳ್ಳುವ ರೂಢಿಯೇ ಇಲ್ಲದ ಸಮಾಜದಲ್ಲಿ ಸರ್ಕಾರ ಜನರ ವಿವೇಚನೆಗೆ ಬಿಡಲು ಬಯಸಿದ್ದು. ಧೂಳಿಗೆ ಟವೆಲ್ ಸುತ್ತಿಕೊಳ್ಳುವ, ಬಿಸಿಲಿಗೆ ಸೆರಗು ಮುಸುಕು ಹಾಕಿಕೊಳ್ಳುವ ನಮ್ಮ ಕಡೆ ಅಷ್ಟರಮಟ್ಟಿಗೆ ದಾರಿ ಸುಗಮವಾಗಿತ್ತು.

ನಿಮ್ಮ ಪತ್ರ ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಜುಲೈನ ಆ ನಿಯಮ ಗಿರಾಕಿಗಳಿಗೆ ಅನ್ವಯಿಸಿತೇ ಹೊರತು ಅಂಗಡಿಯ ಸಿಬ್ಬಂದಿಗೆ ಕಡ್ಡಾಯವಾದದ್ದು ಸೆಪ್ಟೆಂಬರ್ 24ರಂದು. ದಂಡ ಮೊದಲು 100 ಪೌಂಡ್, ಆ ಮೇಲೆ 200 ಪೌಂಡ್. ದಂಡ ಹಾಕುವ ಅಧಿಕಾರ ಪೊಲೀಸರದು, ಸಿಬ್ಬಂದಿ ಬರೀ ನೆನಪಿಸಿದರೆ ಸಾಕು ಎಂಬುದು ಸರ್ಕಾರದ ನಿಲುವಾಗಿತ್ತು. ಇದು ನಿಮ್ಮಂಥವರಿಗೆ ಒಳ್ಳೆಯದೆಂದು ದೂರದಿಂದ ಕಾಣುತ್ತದೆ. ಆದರೆ ಪ್ರತಿ ಅಂಗಡಿಗೂ ಪೊಲೀಸರು ಬರುವುದು ಅಸಾಧ್ಯವಾದ್ದರಿಂದ ಕೊನೆಗೆ ಎದುರಾ ಎದುರು ನಿಂತವರು ನೀವೇ. 2021ರ ಜನವರಿಯಲ್ಲಿ ಸೋಂಕು ಮತ್ತೆ ಏರಿದಾಗ ದೊಡ್ಡ ಸೂಪರ್‌ಮಾರ್ಕೆಟ್ ಸಂಸ್ಥೆಗಳು ವಿನಾಯಿತಿ ಇಲ್ಲದೆ ಮಾಸ್ಕ್ ಧರಿಸದವರಿಗೆ ಪ್ರವೇಶವಿಲ್ಲವೆಂದು ತಾವೇ ಪ್ರಕಟಿಸಿ ಬಾಗಿಲಲ್ಲಿ ಕಾವಲು ಹೆಚ್ಚಿಸಿದವು. ಆ ಮಾತನ್ನು ಹೇಳುವ ಹೊಣೆ ಗಲ್ಲಾದಲ್ಲಿದ್ದ ಹೆಣ್ಣುಮಗಳಿಂದ ಬಾಗಿಲ ಕಾವಲಿಗೆ ಆಗ ವರ್ಗವಾಯಿತು. ಮೊದಲ ದಿನದಿಂದಲೇ ಹಾಗೆ ಆಗಬೇಕಿತ್ತು.

*ಪ್ರಶ್ನೆ: ಮುಖ ಮುಚ್ಚಿಕೊಳ್ಳಿ ಎಂದು ಸರ್ಕಾರ ನಾಗರಿಕನನ್ನು ಒತ್ತಾಯಿಸುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಾಯುವ ಸಂವಿಧಾನದ 21ನೆಯ ವಿಧಿಗೆ ವಿರುದ್ಧವಲ್ಲವೇ? ನ್ಯಾಯಾಲಯಗಳು ಏನೆಂದವು? — ಧಾರವಾಡದ ಕಾನೂನು ವಿದ್ಯಾರ್ಥಿ*

ಉತ್ತರ: ನಾನು ಕಾನೂನು ಓದಿದವನಲ್ಲ. ಆರೋಗ್ಯಾಧಿಕಾರಿಯಾಗಿ ತಿಳಿದುಕೊಳ್ಳಬೇಕಾಗಿ ಬಂದಷ್ಟನ್ನು ಹೇಳುತ್ತೇನೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡ ಹಿನ್ನೆಲೆಯಲ್ಲಿ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, 2005ರ ವಿಪತ್ತು ನಿರ್ವಹಣಾ ಕಾಯ್ದೆ, ನಮ್ಮ ರಾಜ್ಯದಲ್ಲಿ 2020ರಲ್ಲಿ ಬಂದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, ಈ ಮೂರರ ಬಲದ ಮೇಲೆ ನಿಯಮಗಳು ನಿಂತಿದ್ದವು. 2022ರ ಮೇ 2ರಂದು ಸುಪ್ರೀಂ ಕೋರ್ಟು ಲಸಿಕೆ ಹಾಕಿಸಿಕೊಳ್ಳಲು ಯಾರನ್ನೂ ಬಲವಂತಪಡಿಸುವಂತಿಲ್ಲವೆಂದು 21ನೆಯ ವಿಧಿಯನ್ನು ಆಧರಿಸಿ ಹೇಳಿತು. ಸಮುದಾಯದ ಆರೋಗ್ಯದ ಹಿತದಲ್ಲಿ ವ್ಯಕ್ತಿಯ ಹಕ್ಕುಗಳ ಮೇಲೆ ಸಮಂಜಸವಾದ ಮಿತಿಗಳನ್ನು ಸರ್ಕಾರ ಹೇರಬಹುದೆಂದೂ ಅದೇ ತೀರ್ಪಿನಲ್ಲಿ ಹೇಳಿತು. ದೇಹದೊಳಕ್ಕೆ ಹೋಗುವ ಲಸಿಕೆಗೂ, ಅಂಗಡಿಯಿಂದ ಹೊರಬಂದೊಡನೆ ತೆಗೆದು ಜೇಬಿಗಿಡಬಹುದಾದ ಬಟ್ಟೆಗೂ ಇರುವ ಅಂತರ ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡದು.

ಮಿತಿ ಸಮಂಜಸವಾಗಿರಬೇಕು ಎಂಬ ಮಾತನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಿ. 2020ರ ಡಿಸೆಂಬರ್ 2ರಂದು ಗುಜರಾತ್ ಹೈಕೋರ್ಟು ಮಾಸ್ಕ್ ಧರಿಸದವರನ್ನು ಕೋವಿಡ್ ಕೇಂದ್ರಗಳಲ್ಲಿ ಸೇವೆಗೆ ಹಚ್ಚಬೇಕೆಂದಿತು. ಮರುದಿನವೇ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಅದು ಸರಿಯಾದ ತಡೆ. ಶಿಕ್ಷೆಗೆಂದು ಜನರನ್ನು ಸೋಂಕಿನ ಬಾಯಿಗೆ ಕಳಿಸುವುದು ಆರೋಗ್ಯ ಕ್ರಮವಾಗಲಾರದು. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು ಕಾರಿನಲ್ಲಿ ಒಬ್ಬರೇ ಇದ್ದರೂ ಮಾಸ್ಕ್ ಕಡ್ಡಾಯವೆಂದಿತು. ಗೌರವದಿಂದಲೇ ಹೇಳುತ್ತೇನೆ, ವೈದ್ಯನಾಗಿ ನನಗೆ ಅದು ಒಪ್ಪಿಗೆಯಿಲ್ಲ. ಗಾಜು ಏರಿಸಿದ ಕಾರಿನಲ್ಲಿ ಒಬ್ಬರೇ ಇರುವಾಗ ಯಾರಿಂದ ಯಾರಿಗೆ ಹರಡಬೇಕು? ಹಾಗೆ ಅರ್ಥವಿಲ್ಲದ ಕಡೆ ಹೇರಿದ ನಿಯಮ, ಅರ್ಥವಿರುವ ಕಡೆಯ ನಿಯಮದ ಮೇಲಿನ ವಿಶ್ವಾಸವನ್ನೂ ಅಳಿಸುತ್ತದೆ.

ಬೆಂಗಳೂರಿನಲ್ಲಿ ಆದದ್ದೂ ಇದೇ. 2020ರ ಮೇ ಆರಂಭದಲ್ಲಿ ಪಾಲಿಕೆ 1,000 ರೂಪಾಯಿ ದಂಡವೆಂದಿತು, ಕೆಲವೇ ದಿನಗಳಲ್ಲಿ ಅದು 200ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ಸರ್ಕಾರ ನಗರಗಳಲ್ಲಿ 1,000, ಹಳ್ಳಿಗಳಲ್ಲಿ 500 ಎಂದು ಏರಿಸಿ, ಜನ ಸಿಟ್ಟಿಗೆದ್ದ ಮೇಲೆ ಒಂದು ವಾರದೊಳಗೆ 250 ಮತ್ತು 100ಕ್ಕೆ ಇಳಿಸಿತು. ದಿನಗೂಲಿಯ ಹೆಣ್ಣುಮಗಳಿಗೆ 1,000 ರೂಪಾಯಿ ಎಂದರೆ ಎರಡು ಮೂರು ದಿನದ ದುಡಿಮೆ. ಕಸ ವಿಂಗಡಣೆಯ ಉಸ್ತುವಾರಿಗೆಂದು ನೇಮಕಗೊಂಡಿದ್ದ ಮಾರ್ಷಲ್‌ಗಳು ರಸ್ತೆಬದಿಯಲ್ಲಿ ಆಕೆಯನ್ನು ನಿಲ್ಲಿಸಿ ರಸೀದಿ ಹರಿಯುತ್ತಿದ್ದ ಕಾಲದಲ್ಲೇ ರಾಜಕೀಯ ಸಭೆಗಳಲ್ಲಿ ಸಾವಿರಾರು ಜನ ಮಾಸ್ಕ್ ಇಲ್ಲದೆ ಸೇರುತ್ತಿದ್ದರು. ಅಂಥ ಸಭೆಗಳ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ನಮ್ಮ ಹೈಕೋರ್ಟು ಸರ್ಕಾರವನ್ನು ಪದೇಪದೇ ಕೇಳಬೇಕಾಯಿತು. ನಿಮ್ಮ ಪ್ರಶ್ನೆ 21ನೆಯ ವಿಧಿಯ ಬಗ್ಗೆ. ನನಗೆ ಮಾತ್ರ ಹೆಚ್ಚು ಗಾಯಗೊಂಡದ್ದು ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವ 14ನೆಯ ವಿಧಿಯೇ ಎನ್ನಿಸುತ್ತದೆ.

*ಪ್ರಶ್ನೆ: ನನ್ನ ಮಗನಿಗೆ ಕಿವಿ ಕೇಳಿಸುವುದಿಲ್ಲ; ತುಟಿಯ ಚಲನೆ ನೋಡಿ ಮಾತು ತಿಳಿಯುತ್ತಾನೆ. ಮಾಸ್ಕ್ ಬಂದ ಮೇಲೆ ಔಷಧಿ ಅಂಗಡಿಯಲ್ಲಿ ಒಂದು ಮಾತ್ರೆ ಕೇಳಿ ತರಲೂ ಅವನಿಗೆ ಆಗಲಿಲ್ಲ. ನಮ್ಮಂಥವರನ್ನು ಯಾರಾದರೂ ನೆನೆದಿದ್ದರೇ? — ಮೈಸೂರಿನ ತಾಯಿ*

ಉತ್ತರ: ಅಮ್ಮಾ, ಬೇಗ ನೆನೆಯಲಿಲ್ಲ. ಇಂಗ್ಲೆಂಡಿನ ನಿಯಮದಲ್ಲಿ ತುಟಿ ನೋಡಿ ಮಾತು ತಿಳಿಯುವವರೊಂದಿಗೆ ಮಾತನಾಡುವಾಗ ಮಾಸ್ಕ್ ತೆಗೆಯಬಹುದೆಂಬ ವಿನಾಯಿತಿಯನ್ನು ಬರೆದಿದ್ದರು. ಉಸಿರಾಟದ ತೊಂದರೆ ಇರುವವರು, ಅಂಗವೈಕಲ್ಯವಿರುವವರು ಯಾವ ಪತ್ರವನ್ನೂ ತೋರಿಸಬೇಕಿರಲಿಲ್ಲ. ನಮ್ಮಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಬೇಡವೆಂಬ ಸೂಚನೆ ಬಂತು, ಆದರೆ ನಿಮ್ಮ ಮಗನಂಥವರ ಬಗ್ಗೆ ಅಂಗಡಿಯವರಿಗಾಗಲಿ ದಂಡ ಹಾಕುವವರಿಗಾಗಲಿ ತಿಳಿಸಿ ಹೇಳುವ ಕೆಲಸ ನಾನು ಕಂಡ ಮಟ್ಟಿಗೆ ಆಗಲೇ ಇಲ್ಲ. ಶ್ರವಣದೋಷಕ್ಕೆಂದೇ ಇರುವ ರಾಷ್ಟ್ರಮಟ್ಟದ ವಾಕ್ ಶ್ರವಣ ಸಂಸ್ಥೆ ನಿಮ್ಮ ಊರಿನಲ್ಲೇ ಇರುವಾಗ, ನಿಯಮ ಬರೆಯುವ ಮುನ್ನ ಅಲ್ಲಿನವರನ್ನು ಒಂದು ಮಾತು ಕೇಳಬಹುದಿತ್ತು. ಬಾಯಿಯ ಭಾಗದಲ್ಲಿ ಪಾರದರ್ಶಕ ಹಾಳೆ ಇರುವ ಮಾಸ್ಕ್‌ಗಳು, ಕೌಂಟರಿನ ಮುಂದೆ ಗಾಜಿನ ತಡೆ ಇದ್ದಾಗ ಅದರ ಹಿಂದೆ ನಿಂತು ಮಾಸ್ಕ್ ಸರಿಸಿ ಮಾತನಾಡುವುದು, ಒಂದು ಚೀಟಿ ಮತ್ತು ಪೆನ್ನು, ಇವು ಯಾವುವೂ ದುಬಾರಿಯ ಪರಿಹಾರಗಳಾಗಿರಲಿಲ್ಲ.

*ಪ್ರಶ್ನೆ: ಕಪಾಟಿನಲ್ಲಿ ಹಳೆಯ ಎನ್-95 ಮಾಸ್ಕ್‌ಗಳಿವೆ. ತೊಳೆದು ಬಳಸಬಹುದೇ? — ಕುಂದಾಪುರದ ಓದುಗರು*

ಉತ್ತರ: ತೊಳೆಯಬೇಡಿ. ಅದರ ಒಳಪದರ ಧೂಳನ್ನು ಹಿಡಿಯುವುದು ಸ್ಥಾಯೀ ವಿದ್ಯುತ್ತಿನ ಆಕರ್ಷಣೆಯಿಂದ. ಸಾಬೂನು ನೀರಿನಲ್ಲಿ ಆ ಗುಣ ಹೊರಟುಹೋಗುತ್ತದೆ. ಮುಂದೆ ಬಿರಡೆಯಂಥ ಕವಾಟ ಇರುವವುಗಳು ಬೇಡ. ಅವು ಧರಿಸಿದವರ ಉಸಿರನ್ನು ಶೋಧಿಸದೆಯೇ ಹೊರಬಿಡುತ್ತವೆ, ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈನಲ್ಲೇ ಈ ಬಗ್ಗೆ ರಾಜ್ಯಗಳನ್ನು ಎಚ್ಚರಿಸಿತ್ತು. ಪಟ್ಟಿ ಸಡಿಲವಾಗಿದ್ದರೆ ಅದನ್ನು ಎಸೆದು ಹೊಸದನ್ನು ಕೊಳ್ಳಿ.

*ಪ್ರಶ್ನೆ: ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಊರಿನಲ್ಲೇ ಆಯಿತು. ಅಂಥ ಕಾಲ ಮತ್ತೆ ಬಂದರೆ ಅಂಗಡಿಗಳಲ್ಲಿ ಈ ನಿಯಮ ಬೇಕೆನ್ನುತ್ತೀರಾ? — ಕಲಬುರಗಿಯ ಶಿಕ್ಷಕರು*

ಉತ್ತರ: ಗಾಳಿಯಿಂದ ಹರಡುವ, ಔಷಧಿಯಿಲ್ಲದ ರೋಗವಾದರೆ ಬೇಕೆನ್ನುತ್ತೇನೆ. ಆದರೆ ಆಗ ಆದೇಶದ ಪ್ರತಿಯೊಂದಿಗೆ ಮಾಸ್ಕ್‌ನ ಕಟ್ಟೂ ಅಂಗಡಿಗೆ ಬರಬೇಕು. ನಮ್ಮಲ್ಲಿ ನ್ಯಾಯಬೆಲೆ ಅಂಗಡಿಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, 2020ರಲ್ಲಿ ಮಾಸ್ಕ್ ಹೊಲಿದ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿದ್ದಾರೆ. ಪಡಿತರದ ಜತೆ ಮನೆಗಿಷ್ಟು ಎಂದು ಸರ್ಜಿಕಲ್ ಮಾಸ್ಕ್ ಕೊಡುವುದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಬಾಂಗ್ಲಾದೇಶದ ಆ ಪ್ರಯೋಗದಲ್ಲಿ ಹಳ್ಳಿಗಳಿಗೆ ಬಹುಮಾನದ ಆಸೆ ತೋರಿಸಿದ್ದರಿಂದಾಗಲಿ ಮೊಬೈಲಿಗೆ ಸಂದೇಶ ಕಳಿಸಿದ್ದರಿಂದಾಗಲಿ ಹೆಚ್ಚಿನ ಫಲ ಸಿಗಲಿಲ್ಲ. ಕೈಗೆ ಕೊಟ್ಟು, ಎದುರು ನಿಂತು ನೆನಪಿಸಿದ್ದೇ ಫಲ ಕೊಟ್ಟಿತು. ಫೋನಿನ ಕರೆಗೆ ಮುಂಚೆ ಕೆಮ್ಮಿನ ಸದ್ದು ಕೇಳಿಸಿ ತಿಂಗಳುಗಟ್ಟಲೆ ಜನರನ್ನು ಎಚ್ಚರಿಸಿದ ನಾವು ಇದನ್ನು ಅರಿತುಕೊಳ್ಳುವುದು ಒಳ್ಳೆಯದು.

ನಿಯಮಕ್ಕೆ ಅವಧಿಯನ್ನೂ ಮೊದಲೇ ಬರೆಯಬೇಕು. ಸೋಂಕು ಇಷ್ಟಕ್ಕೆ ಇಳಿದರೆ ತೆಗೆಯುತ್ತೇವೆಂದು ಹೇಳಿದರೆ ಜನ ಸಹಿಸುತ್ತಾರೆ. 2022ರ ಏಪ್ರಿಲ್ ಆರಂಭದಲ್ಲಿ ದೆಹಲಿ, ಮಹಾರಾಷ್ಟ್ರಗಳು ಕೈಬಿಟ್ಟವು. ನಮ್ಮಲ್ಲಿ ಅದೇ ತಿಂಗಳ ಕೊನೆಗೆ ಮತ್ತೆ ಧರಿಸಿ ಎಂದರು, ಡಿಸೆಂಬರ್‌ನಲ್ಲಿ ಸಿನಿಮಾ ಮಂದಿರ, ಶಾಲೆಗಳಿಗೆ ಇನ್ನೊಮ್ಮೆ ಹೇಳಿದರು. ಆ ಹೊತ್ತಿಗೆ ಯಾವುದು ಆದೇಶ, ಯಾವುದು ಸಲಹೆ ಎಂಬುದು ಅಂಗಡಿಯವರಿಗೂ ಗೊತ್ತಿರಲಿಲ್ಲ, ಕೇಳಲು ಬಂದವರಿಗೂ ಗೊತ್ತಿರಲಿಲ್ಲ.

*ಪ್ರಶ್ನೆ: ನಮ್ಮ ತಂದೆಯವರದು ಸಣ್ಣ ಬಟ್ಟೆ ಅಂಗಡಿ. 2021ರ ಮೇ ತಿಂಗಳಲ್ಲಿ ಸೋಂಕಿನಿಂದ ತೀರಿಕೊಂಡರು. ಅದಕ್ಕೆ ವಾರದ ಮುಂಚೆ ಪರಿಚಯದವರೊಬ್ಬರು ಮಾಸ್ಕ್ ಇಲ್ಲದೆ ಬಂದು ಅರ್ಧ ಗಂಟೆ ಮಾತನಾಡಿ ಹೋಗಿದ್ದರು. ಪಕ್ಕದಲ್ಲಿದ್ದ ನಾನು ಸಂಕೋಚಪಟ್ಟು ಏನೂ ಹೇಳಲಿಲ್ಲ. ಅಂದು ನಾನು ಹೇಳಿದ್ದರೆ ಅಪ್ಪ ಉಳಿಯುತ್ತಿದ್ದರೇ? — ಹೆಸರು, ಊರು ಬೇಡವೆಂದವರು*

ಉತ್ತರ: ಮಗಳೇ, ಈ ಪ್ರಶ್ನೆಗೆ ಯಾವ ವೈದ್ಯನೂ ಹೌದು ಅಥವಾ ಅಲ್ಲ ಎಂದು ಹೇಳಲಾರ. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಡೆಲ್ಟಾ ತಳಿ ನಮ್ಮ ರಾಜ್ಯದಲ್ಲಿ ಹರಡಿದ ವೇಗವನ್ನು ಆಸ್ಪತ್ರೆಯ ಒಳಗಿನಿಂದ ಕಂಡವನು ನಾನು. ಆ ವಾರಗಳಲ್ಲಿ ನಿಮ್ಮ ತಂದೆಯವರು ಎಷ್ಟು ಜನರಿಗೆ ಬಟ್ಟೆ ಬಿಡಿಸಿ ತೋರಿಸಿರಬಹುದು, ಬ್ಯಾಂಕಿಗೋ ತರಕಾರಿಗೋ ಎಷ್ಟು ಸಲ ಹೋಗಿರಬಹುದು, ಲೆಕ್ಕ ಹಾಕಿ ನೋಡಿ. ಆ ಒಬ್ಬರೇ ಕಾರಣರೆಂದು ತಿಳಿಯುವ ದಾರಿ ಯಾವುದೂ ಇಲ್ಲ. ಅವರಿಗೆ ಸೋಂಕಿತ್ತೇ ಎಂಬುದೂ ನಮಗೆ ಗೊತ್ತಿಲ್ಲ.

ಅಪ್ಪನ ಸ್ನೇಹಿತರಿಗೆ ಮುಖದ ಮೇಲೆ ಹೇಳುವ ಧೈರ್ಯ ನಿಮಗೆ ಬರಲಿಲ್ಲವೆಂದು ನಾಲ್ಕಾರು ವರ್ಷಗಳಿಂದ ನೊಂದುಕೊಂಡಿದ್ದೀರಿ. ರಾಣೆಬೆನ್ನೂರಿನ ವ್ಯಾಪಾರಿಯ ಪತ್ರವನ್ನು ಈ ಅಂಕಣದ ಮೊದಲಿಗೆ ಇಟ್ಟದ್ದು ನೀವು ಓದಲೆಂದೇ. ಐವತ್ತು ದಾಟಿದ, ಸ್ವಂತ ಅಂಗಡಿಯ ಯಜಮಾನರಾದ ಅವರಿಗೂ ಆ ಮಾತು ಬಾಯಿಗೆ ಬರಲಿಲ್ಲ. ಅದನ್ನು ನಿಮ್ಮ ಬದಲು ಹೇಳಬೇಕಾಗಿದ್ದವರು ನಾವು, ಸಂಬಳ ಪಡೆದು ಆ ಕೆಲಸಕ್ಕಿದ್ದವರು. ನಿಮ್ಮ ಅಂಗಡಿ ಈಗಲೂ ತೆರೆದಿದೆ, ನೀವೇ ನೋಡಿಕೊಳ್ಳುತ್ತಿದ್ದೀರಿ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಿಮ್ಮ ವಿಳಾಸ ಸಂಪಾದಕರ ಬಳಿ ಇದೆ. ಒಪ್ಪಿದರೆ ಆ ಕಡೆ ಬಂದಾಗ ಅಂಗಡಿಗೆ ಬಂದು ನಿಮ್ಮನ್ನು ಕಾಣುತ್ತೇನೆ.